ಅಳತೆ ಪುಸ್ತಕ

ಪತ್ರಿಕೆಯ ಹುಡುಗ ಬಂದಿದ್ದ ಬೆಳಿಗ್ಗೆ.
ನಲವತ್ತು ವರ್ಷ ಅವಳಿಗೆ ಉಡಿಸಿದವರು ನೀವು,
ಹೇಗಿದ್ದರು ಹೇಳಿ, ಅಂದ.
ತುಂಬ ಒಳ್ಳೆಯವರು, ಅಂದೆ. ಬರೆದುಕೊಂಡ.
ಚಹಾ ಕುಡಿದ. ಒಂದು ಫೋಟೋ ಇಸಿದುಕೊಂಡು ಹೋದ.

ಮೇಜಿನ ಖಾನೆಯಲ್ಲಿ ಪುಸ್ತಕವಿತ್ತು. ತೆಗೆಯಲಿಲ್ಲ.

ಮೊದಲ ಪುಟ: ಸೊಂಟ ಇಪ್ಪತ್ತೆರಡು, ಎದೆ ಮೂವತ್ತಮೂರು,
ಎಡ ಹೆಗಲು ಬಲಕ್ಕಿಂತ ಅರ್ಧ ಅಂಗುಲ ತಗ್ಗು,
ಮೀನಿನ ಬುಟ್ಟಿ ಹೊತ್ತ ಹೆಗಲು.
ಫ್ಲೀಟ್‌ವುಡ್ ಬಂದರಿನ ವಿನಿಫ್ರೆಡ್ ಥ್ರೆಲ್ಫಾಲ್.
ಪೋಸ್ಟರಿನ ಅಗಲಕ್ಕೆ ಹಿಡಿಯಲಿಲ್ಲವೆಂದು
ಕಂಪನಿಯ ಯಜಮಾನ ಹೆಸರಿನ ಬಾಲ ಕತ್ತರಿಸಿದ.
ವಿನಿಫ್ರೆಡ್ ಥ್ರೇಲ್.
ತಲೆ ಉಳಿದರೆ ಸಾಕು, ಅಂದಳಂತೆ, ಮಾರಾಟವಾಗುತ್ತದೆ.

ಆಗೆಲ್ಲ ಭಾನುವಾರದ ರೈಲಿಗೆ ಎರಡೇ ಸರಕು:
ಮೀನು ಮತ್ತು ನಟರು.
ಕ್ರೂ ಜಂಕ್ಷನ್ನಿನ ಚಳಿಯಲ್ಲಿ
ಉಡುಪಿನ ಪೆಟ್ಟಿಗೆಗಳ ಮೇಲೆ ಕೂತಿರುತ್ತಿದ್ದೆವು,
ಇಬ್ಬರು ರಾಣಿಯರು, ಒಬ್ಬ ಕೊಲೆಗಾರ, ಕೆಮ್ಮುವ ಬಿಷಪ್ಪು.
ಪಕ್ಕದ ಗಾಡಿಯ ಕಡೆ ಮೂಗರಳಿಸಿ ಅವಳು:
‘ಇದು ನಿನ್ನೇದಲ್ಲ ನೆಲ್, ಮೊನ್ನೇದು.’
ತಾಯಿಯ ಮಾತು ಉಳಿದದ್ದು ಆ ಒಂದು ವಾಕ್ಯದಲ್ಲಿ.
ಮಿಕ್ಕಿದ್ದನ್ನು ಲಂಡನ್ನಿನ ಉಚ್ಚಾರದ ಮಾಸ್ತರು
ವಾರಕ್ಕೆ ಒಂದು ಗಿನಿ ಪಡೆದು ಉಜ್ಜಿ ತೆಗೆದಿದ್ದ.

ಹದಿನೇಳನೇ ಪುಟ. ಆಗಸ್ಟು: ಇಪ್ಪತ್ತಮೂರು.
ಸೆಪ್ಟೆಂಬರು: ಇಪ್ಪತ್ತೈದು.
ನಾನು ಕೇಳಲಿಲ್ಲ. ಹೊಲಿಗೆ ಬಿಚ್ಚಿದೆ.
ಅಕ್ಟೋಬರಿಗೆ ಒಂದು ಶಾಲು ಕಥೆಯೊಳಗೆ ಬಂತು,
ನಾಟಕಕಾರನಿಗೇ ಗೊತ್ತಿಲ್ಲದೆ.
ಆಮೇಲೆ ಬಾಗಿಲ ಮೇಲೆ ಬೋರ್ಡು:
ಮಿಸ್ ಥ್ರೇಲ್ ಅವರಿಗೆ ಗಂಟಲುಬೇನೆ.
ಗಂಟಲಿನ ಅಳತೆ ನಾನು ತೆಗೆದಿಲ್ಲ.

ತಿರುಗಿ ಬಂದ ವಾರ ಮಕ್ಕಳಿಲ್ಲದ ರೈತ ಹೆಂಗಸಿನ ಪಾತ್ರ.
ಮೂರನೇ ಅಂಕದಲ್ಲಿ ಖಾಲಿ ತೊಟ್ಟಿಲು ತೂಗಬೇಕು.
ಕುಪ್ಪಸದೊಳಗೆ ನಾಲ್ಕು ಮಡಿಕೆ ಫ್ಲಾನೆಲ್ ಇಟ್ಟು ಹೊಲಿದಿದ್ದೆ,
ಆದರೂ ಒದ್ದೆ ದಾಟಿತು.
ಮಾರನೆಯ ದಿನ ವಿಮರ್ಶಕ ಬರೆದ:
ಇಷ್ಟು ನಿಜವಾದ ಬಂಜೆತನವನ್ನು ಈ ರಂಗ ಕಂಡಿಲ್ಲ.
ಆ ಬಂಜೆತನವನ್ನು ನಾನು ತಣ್ಣೀರಿನಲ್ಲಿ ಹಿಂಡಿ
ರಾತ್ರಿಯಿಡೀ ಗ್ಯಾಸ್ ದೀಪದ ಹತ್ತಿರ ಒಣಗಿಸಿದೆ.

ಪ್ರೆಸ್ಟನ್ನಿನಲ್ಲಿ ಆಟವಿದ್ದಾಗಲೆಲ್ಲ
ಎರಡನೇ ಸಾಲಿನ ಒಂದು ಕುರ್ಚಿ ಮಾರಕೂಡದು.
ಪರದೆಯ ತೂತಿಗೆ ಕಣ್ಣಿಟ್ಟು ನೋಡುತ್ತಿದ್ದೆ.
ಒಂದು ಸಲ ಯಾರದೋ ಕೊಡೆ ಇತ್ತು, ಅಷ್ಟೇ.

ನಂತರದ ಪುಟಗಳು ನಿಮಗೂ ಗೊತ್ತು.
ಸ್ಟ್ರ್ಯಾಂಡಿನ ದೊಡ್ಡ ಥಿಯೇಟರು, ಸಾಬೂನಿನ ಮೇಲೆ ಮುಖ,
ಮಳೆಯಲ್ಲಿ ಸಾಲು ನಿಂತ ಗುಮಾಸ್ತೆಯರು.
ತಾಯಿ ಒಮ್ಮೆ ಬಂದಿದ್ದಳು. ಕೈಗವಸು ತೆಗೆಯಲಿಲ್ಲ.
‘ಏನೇ ಅಷ್ಟು ಕೂಗ್ತೀಯ’ ಅಂದಳು, ಹೋದಳು.
ಬಾಂಬು ಬಿದ್ದ ಚಳಿಗಾಲ, ರೇಷನ್ನಿನ ಸೊಂಟ.
ಕಿಟಕಿಯ ಕಪ್ಪು ಪರದೆ ಕತ್ತರಿಸಿ
ಸಾಮ್ರಾಜ್ಞಿಗೆ ನಿಲುವಂಗಿ ಹೊಲಿದೆ.

ಕೊನೆಯ ಆಟ ಬ್ರೈಟನ್ನಿನಲ್ಲಿ.
ಮುದಿ ಡಚೆಸ್ಸಿನ ಕೈಗೆ ಆಳು ಕಾಗದ ಕೊಡುತ್ತಾನೆ,
ಅವಳು ಒಡೆದು ಓದಬೇಕು. ಮಾತು ಹೊರಡಲಿಲ್ಲ.
ಪ್ರಾಂಪ್ಟರ್ ಪಿಸುಗುಟ್ಟಿದ, ಮತ್ತೆ ಪಿಸುಗುಟ್ಟಿದ.
ಕಾಗದವನ್ನು ಮೂಗಿನ ಹತ್ತಿರ ತಂದಳು.
ಎಡ ಹೆಗಲು ತಾನಾಗಿ ತಗ್ಗಿತು.
‘ಇದು ನಿನ್ನೇದಲ್ಲ ನೆಲ್, ಮೊನ್ನೇದು.’
ಇಡೀ ಮನೆ ಉಸಿರು ಹಿಡಿಯಿತು.
ನಾಟಕವೆಂದುಕೊಂಡರು.
ಪಕ್ಕದ ಪರದೆಯ ಮರೆಯಲ್ಲಿ ನಾನು
ಹೂಂ ಅಂದೆ.

ಕಡೆಯ ಅಳತೆ ತೆಗೆದವನು ಬಡಗಿ.
ಎಡ ಹೆಗಲು ಅರ್ಧ ಅಂಗುಲ ತಗ್ಗು, ಅಂದೆ ಅವನಿಗೆ.
ಪೆಟ್ಟಿಗೆಗೆ ಅದೆಲ್ಲ ಬೇಕಾಗೋದಿಲ್ಲಮ್ಮ, ಅಂದ.